ಅಮ್ಮನ ಪಾದದ ಎರಡು ಸಾಲು

ಬೆಳಕೆ ಊರಿನ ಗುಡಿಯ ಅಮ್ಮನ ಕೈ ಮುರಿದಿದೆ ಎಂದು ಲೋಕಕ್ಕೆಲ್ಲ ಸಾರಿದವರು ರವೀಂದ್ರ ಮಾಸ್ತರ್ರೇ. ತಪ್ಪನ್ನು ಬೇರೆ ಯಾರ ತಲೆಗಾದರೂ ಕಟ್ಟೋಣವೆಂದರೆ ಒಂದು ತಲೆಯೂ ಸಿಗುವುದಿಲ್ಲ. ಪೇಪರಿನಲ್ಲಿ ಫೋಟೋ ಸಮೇತ, ಹೆಸರು ಸಮೇತ ಬಂದಿತ್ತು. ‘ಶಿಲ್ಪದ ಮುಂದಿನ ಎಡಗೈ ಮಣಿಕಟ್ಟಿನ ಬಳಿ ಮುರಿದಿದೆ, ಮೂಗಿನ ತುದಿ ಸವೆದಿದೆ’ ಎಂಬ ಸಾಲನ್ನು ಕುಮಟೆಯ ಮನೆಯ ಜಗಲಿಯಲ್ಲಿ ಕೂತು, ಎರಡು ಸಲ ತಿದ್ದಿ, ತಮ್ಮ ಕೈಯಾರೆ ಬರೆದದ್ದು ಅವರೇ. ಹಳೆಯ ಶಿಲ್ಪದ ಬಗ್ಗೆ ಬರೆದಮೇಲೆ ಅದರ ಸ್ಥಿತಿ ಹೇಗಿದೆ ಎಂದೂ ಬರೆಯಬೇಕು. ಬರೆಯದಿದ್ದರೆ ತಿಳಿದವರು ನಗುತ್ತಾರೆ. ಆ ಒಂದು ಸಾಲಿನಿಂದ ಇಷ್ಟೆಲ್ಲ ಆದೀತೆಂದು ಯಾರು ಬಂದು ಹೇಳಿದ್ದರೂ ಆಗ ಅವರು ನಂಬುತ್ತಿರಲಿಲ್ಲ.

ಇಪ್ಪತ್ತಾರು ವರ್ಷದಿಂದ ಅವರು ಕುಮಟೆಯಲ್ಲಿ ಬಸ್ಸು ಹತ್ತಿ ಹೊನ್ನಾವರದ ಕಾಲೇಜಿಗೆ ಹೋಗಿ ಇತಿಹಾಸ ಹೇಳುತ್ತಿದ್ದರು. ಬೇರೆಯವರು ಹುಡುಕಿದ ಶಾಸನ, ಬೇರೆಯವರು ಅಗೆದ ನೆಲ, ಬೇರೆಯವರು ಓದಿದ ಅಕ್ಷರ. ತನ್ನದು ಅಂತ ಹೇಳಿಕೊಳ್ಳಲು ಒಂದು ಕಲ್ಲಿನ ಚೂರೂ ಇರಲಿಲ್ಲ. ಭಾನುವಾರ ಬಂತೆಂದರೆ ಹೆಗಲಿಗೊಂದು ಚೀಲ ಹಾಕಿಕೊಂಡು ಹೊನ್ನಾವರ, ಭಟ್ಕಳದ ಊರೂರು ತಿರುಗುತ್ತಿದ್ದರು. ಮನೆಯವರು ತಮಾಷೆ ಮಾಡುತ್ತಿದ್ದರು, ಜನ ಹುಡುಗಿ ನೋಡಲು ಹೋದ ಹಾಗೆ ಇವರು ಕಲ್ಲು ನೋಡಲು ಹೋಗುತ್ತಾರೆ ಎಂದು. ಹೋಗುವುದೇನು, ಬರಿಗೈಯಲ್ಲಿ ಬರುವುದು.

ಅಂಥವರಿಗೆ ಒಂದು ದಿನ ವಿನುತಾ ಫೋನು ಮಾಡಿದಳು. ವಿನುತಾ ಅವರ ವಿದ್ಯಾರ್ಥಿನಿ, ಶಿರಾಲಿಯವಳು. ಬೋರ್ಡಿನ ಮೇಲೆ ಬರೆದ ಹಳೆಗನ್ನಡದ ಅಕ್ಷರಗಳನ್ನು ಕೇಳದೆಯೇ ನೋಟ್ಸಿನಲ್ಲಿ ತಿದ್ದಿಕೊಳ್ಳುತ್ತಿದ್ದ ಒಬ್ಬಳೇ ಒಬ್ಬಳು. ಮುಂದೆ ಎಂ.ಎ. ಓದುತ್ತಾಳೆ ಎಂದು ಮಾಸ್ತರ್ರು ಲೆಕ್ಕ ಹಾಕಿದ್ದರೆ, ಪರೀಕ್ಷೆ ಮುಗಿದ ವರ್ಷವೇ ಬೆಳಕೆಯ ಮಂಜುನ ಜೊತೆ ಮದುವೆಯಾಗಿ ಹೋದಳು. ಹೋದವಳು ಸುಮ್ಮನೆ ಇರಲಿಲ್ಲ. ಗಂಡನ ಮನೆಯ ಗದ್ದೆಯ ಬದಿಗೆ ಅಮ್ಮನ ಗುಡಿ ಇದೆ, ದೀಪ ಹಚ್ಚುವಾಗ ಪಾದದ ಹತ್ತಿರ ಎಣ್ಣೆಯ ಅಡಿಯಲ್ಲಿ ಅಕ್ಷರ ಇದ್ದಂತೆ ಬೆರಳಿಗೆ ಹತ್ತಿತು, ಒಂದು ಸಲ ಬಂದು ನೋಡಿ ಎಂದಳು. ಮಾಸ್ತರ್ರು ಮರುದಿನ ರಜೆ ಹಾಕಿದರು.

ಗುಡಿ ಎಂದರೆ ದೊಡ್ಡದಲ್ಲ, ಹಂಚಿನ ಮಾಡು, ಇಬ್ಬರು ನಿಂತರೆ ಮೂರನೆಯವರು ಹೊರಗೆ. ಅಮ್ಮ ಎರಡೂವರೆ ಅಡಿ ಎತ್ತರದ ಕಲ್ಲು. ಅವಳನ್ನು ಪೂರ್ತಿ ಕಂಡವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಮುಖಕ್ಕೆ ಬೆಳ್ಳಿಯ ಮುಖವಾಡ, ಮೈಗೆ ಕೆಂಪು ಸೀರೆ, ಅದರ ಒಳಗೆ ತಲೆತಲಾಂತರದ ಎಣ್ಣೆ, ಅರಿಸಿನ, ಕುಂಕುಮ ಸೇರಿ ಗಟ್ಟಿಯಾದ ಒಂದು ಕರಿ ಹೊರಪದರ. ವಿನುತಾಳ ಅತ್ತೆ ಗಣಪಿ ನಲವತ್ತು ವರ್ಷದಿಂದ ಆ ಪದರಕ್ಕೇ ಹೂವು ಏರಿಸಿ ಕೈಮುಗಿಯುತ್ತಿದ್ದಳು. ತೊಳೆಯಬಹುದೇ ಎಂದು ಕೇಳಿದ್ದಕ್ಕೆ ಅವಳು ಸ್ವಲ್ಪ ಹೊತ್ತು ಯೋಚಿಸಿ, ಸೊಸೆಗೆ ಅಕ್ಷರ ಕಲಿಸಿದವರು ಕೇಳುತ್ತಾರೆ, ಅಮ್ಮನಿಗೂ ಒಂದು ಎಣ್ಣೆನೀರು ಮಾಡಿಸಿದ ಹಾಗಾಯಿತು ಎಂದು ಒಪ್ಪಿದಳು. ಬಿಸಿನೀರು, ಅಂಟುವಾಳದ ನೊರೆ, ತೆಂಗಿನ ನಾರು ಹಿಡಿದು ಮೂರು ದಿನ ತಿಕ್ಕಿದರು. ಮೂರನೆಯ ದಿನ ಮಧ್ಯಾಹ್ನ ಅಮ್ಮ ಹೊರಗೆ ಬಂದಳು. ಕೋಣನನ್ನು ಬಾಲ ಹಿಡಿದು ಎತ್ತಿ, ತಲೆಯನ್ನು ಪಾದದಲ್ಲಿ ಮೆಟ್ಟಿ, ತುಟಿಯಲ್ಲಿ ನಗುವೋ ಅಲ್ಲವೋ ಎಂಬಂತೆ ನಿಂತಿದ್ದಳು. ಗಣಪಿ ಗುಡಿಯ ಬಾಗಿಲಲ್ಲೇ ಕುಸಿದು ಕೂತು ಅತ್ತಳು. ಮಾಸ್ತರ್ರೂ ಅತ್ತರು, ಆದರೆ ಬೆವರು ಒರೆಸಿದ ಹಾಗೆ ಮಾಡಿ ಒರೆಸಿಕೊಂಡರು.

ಗೇರುಸೊಪ್ಪೆ, ಹಾಡುವಳ್ಳಿಯ ಅರಸರ ಕಾಲದ ಕಲ್ಲುಗಳು ಈ ಕಡೆ ಬೇಕಾದಷ್ಟು ಸಿಗುತ್ತವೆ. ಇದು ಅವುಗಳಿಗಿಂತ ಏಳುನೂರು ವರ್ಷ ಹಿಂದಿನದು. ಅಕ್ಷರದ ತಲೆಕಟ್ಟು ನೋಡಿದರೇ ಗೊತ್ತಾಗುತ್ತಿತ್ತು, ಎಂಟನೆಯ ಶತಮಾನ. ಕರಾವಳಿಯಲ್ಲಿ ಆ ಕಾಲದ್ದೆಂದರೆ ಬೆರಳಲ್ಲಿ ಎಣಿಸಬೇಕು. ಪೀಠದ ಮುಂಭಾಗದಲ್ಲಿ ಮೂರು ಸಾಲು ಸ್ಪಷ್ಟವಾಗಿ ಕಾಣುತ್ತಿತ್ತು. ಯಾವನೋ ಒಬ್ಬ ಚಿಕ್ಕ ಅರಸು ಆಳುತ್ತಿದ್ದಾಗ, ಊರ ಮುಖ್ಯಸ್ಥನ ಹೆಂಡತಿಯಾದ, ಈ ದೇವಿಯನ್ನು ಮಾಡಿಸಿದವಳಾದ ಎಂದು ಮೂರನೆಯ ಸಾಲು ಮುಗಿಯುತ್ತಿತ್ತು. ಅವಳ ಹೆಸರು ನಾಲ್ಕನೆಯ ಸಾಲಿನಲ್ಲಿರಬೇಕು. ನಾಲ್ಕನೆಯ ಸಾಲು, ಪೀಠದ ಅಳತೆ ನೋಡಿದರೆ ಅದರ ಕೆಳಗೆ ಇನ್ನೊಂದು, ಎರಡೂ ನೆಲದ ಸಿಮೆಂಟಿನಲ್ಲಿ ಹೂತು ಹೋಗಿದ್ದವು. ಗಣಪಿಯ ಮಾವ ತೀರಿಹೋಗುವ ಮೊದಲು ಭಕ್ತಿಯಿಂದ ಹಾಕಿಸಿದ ಸಿಮೆಂಟು.

ಸಾವಿರದ ಇನ್ನೂರು ವರ್ಷದ ಹಿಂದೆ ಒಬ್ಬ ಹೆಂಗಸು ತನ್ನ ಹೆಸರು ಉಳಿಯಲಿ ಎಂದು ಕೆತ್ತಿಸಿದ್ದಾಳೆ, ಅದು ಎರಡಿಂಚು ಸಿಮೆಂಟಿನ ಕೆಳಗೆ ಇದೆ. ಮಾಸ್ತರ್ರಿಗೆ ಊಟ ಸೇರಲಿಲ್ಲ. ಒಡೆಯೋಣವೇ ಎಂದು ಕೇಳಿದಾಗ ಗಣಪಿ ಅಷ್ಟು ಮಾತ್ರ ಆಗುವುದಿಲ್ಲ ಎಂದಳು. ಅಮ್ಮನ ಕಾಲಡಿಗೆ ಹಾರೆ ಹಾಕುವುದೆಂದರೆ ಹುಡುಗಾಟವೇ? ಮುಂದೆ ಗುಡಿ ಕಟ್ಟುವ ಕಾಲ ಬಂದರೆ ನೋಡೋಣ ಎಂದಳು. ಮಾಸ್ತರ್ರು ಸರಿ ಎಂದರು. ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ, ಬ್ರಶ್ಶಿನಿಂದ ಬಡಿದು, ಮಸಿ ಹಚ್ಚಿ, ಕಂಡ ಮೂರು ಸಾಲಿನ ಅಚ್ಚು ತೆಗೆದುಕೊಂಡು ಬಂದರು. ಒಂದು ಸಭೆಯಲ್ಲಿ ಅದನ್ನು ಹರಡಿ ತೋರಿಸಿದಾಗ ದೊಡ್ಡವರೊಬ್ಬರು ಕನ್ನಡಕದ ಮೇಲಿಂದ ನೋಡಿ, ಅರ್ಧ ಶಾಸನ ಹಿಡಿದುಕೊಂಡು ಬಂದಿದ್ದೀರಲ್ಲ, ಪೂರ್ತಿ ಸಿಕ್ಕಿದಾಗ ಬನ್ನಿ ಎಂದರು. ಆ ಮಾತು ಅವರಿಗೆ ಎದೆಯಲ್ಲಿ ಮುಳ್ಳು ಮುರಿದ ಹಾಗಾಯಿತು. ಆವತ್ತಿನಿಂದ ಆ ಎರಡು ಸಾಲೇ ಅವರಿಗೆ ಜಪ.

ಪೇಪರಿನಲ್ಲಿ ಬಂದದ್ದು ಅದೇ ಸುಮಾರಿಗೆ. ಮಂಜು ಅದನ್ನು ಕತ್ತರಿಸಿ, ಭಟ್ಕಳದಲ್ಲಿ ಲ್ಯಾಮಿನೇಶನ್ ಮಾಡಿಸಿ, ಗುಡಿಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ. ಬಂದವರಿಗೆಲ್ಲ ತೋರಿಸುತ್ತಿದ್ದ. ಪಾಪ, ಅದರಲ್ಲಿ ಹೆಮ್ಮೆ ಬಿಟ್ಟರೆ ಬೇರೇನೂ ಇರಲಿಲ್ಲ.

ಮಳೆಗಾಲ ಕಳೆದ ಮೇಲೆ ವಿನುತಾಳಿಗೆ ಬಸಿರು ನಾಲ್ಕು ತಿಂಗಳಿದ್ದದ್ದು ಹೋಯಿತು. ಮರುವರ್ಷ ಐದು ತಿಂಗಳಿದ್ದದ್ದು ಹೋಯಿತು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಏನೋ ಕಾರಣ ಹೇಳಿದರು, ಔಷಧ ಕೊಟ್ಟರು. ಮೂರನೆಯ ಸಲ ನಿಂತಾಗ ಮನೆಯವರ ಜೀವ ಕೈಯಲ್ಲಿತ್ತು. ಔಷಧದ ಜೊತೆಗೆ ಪ್ರಶ್ನೆಯನ್ನೂ ಇಡಿಸಿದರು. ಕವಡೆ ಹಾಕಿದ ಜೋಯಿಸರು ಮನೆಯ ದೇವಿಯಲ್ಲಿ ಊನವೇನಾದರೂ ಇದೆಯೇ ಎಂದು ಕೇಳಿದರು. ಮಂಜು ಗುಡಿಯ ಗೋಡೆಯಿಂದ ಆ ಲ್ಯಾಮಿನೇಶನ್ ಇಳಿಸಿ ತಂದು ಅವರ ಮುಂದೆ ಇಟ್ಟ. ಅಷ್ಟು ಸಾಕಾಯಿತು. ಎಣ್ಣೆಯ ಪದರದೊಳಗೆ ಇಷ್ಟು ವರ್ಷ ಅವಳ ಕೈ ಮುರಿದದ್ದು ಯಾರಿಗೂ ಗೊತ್ತಿರಲಿಲ್ಲ, ಗೊತ್ತಿಲ್ಲದ್ದಕ್ಕೆ ದೋಷವಿರಲಿಲ್ಲ. ಈಗ ಗೊತ್ತಾಗಿದೆ, ಅಚ್ಚಾಗಿದೆ. ಕೈ ಮುರಿದ ದೇವರಿಗೆ ಪೂಜೆ ಸಲ್ಲದು. ಹೊಸ ಅಮ್ಮನನ್ನು ಮಾಡಿಸಿ, ಹಳೆಯದರ ಶಕ್ತಿಯನ್ನು ಕಲಶಕ್ಕೆ ಇಳಿಸಿ, ಉಳಿದ ಕಲ್ಲನ್ನು ಹೊಳೆ ಸಮುದ್ರ ಸೇರುವಲ್ಲಿ ಆಳಕ್ಕೆ ಬಿಡಬೇಕು ಎಂದಾಯಿತು.

ಸುದ್ದಿ ತಿಳಿದ ಮಾಸ್ತರ್ರು ಓಡಿದ ಓಟ ಅಷ್ಟಿಷ್ಟಲ್ಲ. ಪುರಾತತ್ವ ಇಲಾಖೆಗೆ ಬರೆದರು. ಪೂಜೆಯಲ್ಲಿರುವ ಖಾಸಗಿ ಮೂರ್ತಿ, ಮನೆಯವರು ತಾವಾಗಿ ಒಪ್ಪಿಸಿದರೆ ಮ್ಯೂಸಿಯಮ್ಮಿಗೆ ತೆಗೆದುಕೊಳ್ಳಬಹುದು ಎಂಬ ಉತ್ತರ ಬಂತು. ತಾಲೂಕು ಕಚೇರಿಗೆ ಹೋದರೆ ಅರ್ಜಿ ಇಟ್ಟು ಹೋಗಿ ಎಂದರು. ಇಟ್ಟರು. ಮೂರು ಸಲ ಹೋಗಿ ಮೂರು ಸಲವೂ ಅದನ್ನು ಇಟ್ಟ ಜಾಗದಲ್ಲೇ ನೋಡಿ ಬಂದರು. ಪೊಲೀಸ್ ಸ್ಟೇಷನ್ನಿನಲ್ಲಿ ಕೂತಿದ್ದವರು, ಅವರ ದೇವರನ್ನು ಅವರು ನೀರಿಗೆ ಬಿಟ್ಟರೆ ನಾವು ಯಾವ ಕೇಸು ಹಾಕುವುದು ಮಾಸ್ತರ್ರೆ ಎಂದು ಕುರ್ಚಿ ಕೊಟ್ಟು ಮರ್ಯಾದೆಯಿಂದಲೇ ಕಳಿಸಿದರು. ಕೊನೆಗೆ ಬೆಳಕೆಗೇ ಹೋಗಿ ಗಣಪಿಯ ಮುಂದೆ ಕೂತು, ಮ್ಯೂಸಿಯಮ್ಮಿಗೆ ಕೊಡಿ, ಗಾಜಿನ ಪೆಟ್ಟಿಗೆಯಲ್ಲಿ ಚೆನ್ನಾಗಿ ಇಡುತ್ತಾರೆ, ನಿಮ್ಮ ಮನೆಯ ಹೆಸರು ಬರೆಯುತ್ತಾರೆ ಎಂದು ಬೇಡಿಕೊಂಡರು.

ಗಣಪಿ ಸಿಟ್ಟು ಮಾಡಲಿಲ್ಲ. ‘ಮಾಸ್ತರ್ರೆ, ನಿಮ್ಮ ಅಬ್ಬೆ ತೀರಿಹೋದಾಗ ಗಾಜಿನ ಪೆಟ್ಟಿಗೆಲಿ ಇಟ್ಟು ಊರವ್ರಿಗೆ ತೋರ್ಸಿದ್ರಾ?’ ಎಂದು ಕೇಳಿದಳು. ‘ಜೀವ ತೆಗೆದ್ಮೇಲೆ ಅದು ಹೆಣ. ಹೆಣಕ್ಕೆ ಎಂತ ಮಾಡೂದೋ ಅದನ್ನೇ ಮಾಡೂದು.’

ಮಾಸ್ತರ್ರು ಏಳುವಾಗ ಒಂದೇ ಒಂದು ಕೇಳಿದರು. ಬಿಡುವುದಾದರೆ ಬಿಡಿ, ಕಲ್ಲನ್ನು ನೆಲದಿಂದ ಎಬ್ಬಿಸಿದಾಗ ತನ್ನನ್ನು ಕರೆಯಿರಿ, ಆ ಎರಡು ಸಾಲಿನ ಅಚ್ಚು ತೆಗೆದುಕೊಳ್ಳಲು ಅರ್ಧ ಗಂಟೆ ಕೊಡಿ ಎಂದರು. ಮಂಜು ಗೋಡೆ ನೋಡುತ್ತ ಹೂಂ ಎಂದ. ಸ್ಟೇಷನ್ನಿಗೆ ಹೋದ ಸುದ್ದಿ ಅವನಿಗೆ ಮುಟ್ಟಿತ್ತು. ಆ ಹೂಂಗೆ ಅರ್ಥವಿಲ್ಲ ಎಂದು ಮಾಸ್ತರ್ರಿಗೂ ಗೊತ್ತಾಯಿತು. ಆದರೂ ಕಾಗದ, ಬ್ರಶ್ಶು, ಮಸಿ ತುಂಬಿದ ಚೀಲವನ್ನು ಆವತ್ತಿನಿಂದ ಬಾಗಿಲ ಪಕ್ಕದಲ್ಲೇ ಇಟ್ಟುಕೊಂಡರು.

ಫೆಬ್ರವರಿಯ ಒಂದು ಬೆಳಗ್ಗೆ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಿದ್ದಾಗ ವಿನುತಾಳ ಮೆಸೇಜು ಬಂತು. ಹೊಸ ಅಮ್ಮನ ಪ್ರತಿಷ್ಠೆ ನಿನ್ನೆ ಆಯಿತು, ಹಳೆಯವಳನ್ನು ಇವತ್ತು ಹನ್ನೊಂದಕ್ಕೆ ಹೊನ್ನಾವರದ ಹೊಳೆಯಾಚೆಯ ಕಾಸರಕೋಡಿನಲ್ಲಿ ಬಿಡುತ್ತಾರೆ, ತಾನು ತಿಳಿಸಿದ್ದೆಂದು ಹೇಳಬೇಡಿ ಎಂದು. ಅಂದರೆ ಕಲ್ಲನ್ನು ನಿನ್ನೆಯೇ ಎಬ್ಬಿಸಿ ಆಗಿತ್ತು. ಮಾಸ್ತರ್ರು ಚಹಾದ ಲೋಟ ಹಾಗೇ ಬಿಟ್ಟು ಹೊರಬಿದ್ದು, ಕುಮಟೆಗೆ ಹೋಗಿ ಚೀಲ ತರುವಷ್ಟು ಹೊತ್ತಿಲ್ಲವೆಂದು ಮನೆಗೆ ಫೋನು ಮಾಡಿ, ಹೊನ್ನಾವರಕ್ಕೆ ಬರುವ ಬಸ್ಸಿನ ಕಂಡಕ್ಟರನ ಕೈಯಲ್ಲಿ ಚೀಲ ತರಿಸಿಕೊಂಡು, ರಿಕ್ಷಾ ಹಿಡಿದು ಸೇತುವೆ ದಾಟಿದರು.

ಕಾಸರಕೋಡಿನಲ್ಲಿ ಮೀನು ಒಣಗಿಸುವ ಅಂಗಳ ದಾಟಿದರೆ ದೋಣಿ ನಿಲ್ಲುವ ಮರಳದಂಡೆ. ಅಲ್ಲಿ ಗೂಡ್ಸ್ ಟೆಂಪೋ ಆಗಲೇ ಬಂದು ನಿಂತಿತ್ತು. ಮರಳಿನಲ್ಲಿ ಹಾಸಿದ ತೆಂಗಿನ ಗರಿಯ ಮಡಲಿನ ಮೇಲೆ, ಹೊಸ ಬಿಳಿ ಬಟ್ಟೆಯಲ್ಲಿ ಸುತ್ತಿದ ಅಮ್ಮ ಅಂಗಾತ ಮಲಗಿದ್ದಳು. ಬಟ್ಟೆಯ ಮೇಲೆ ತುಳಸಿ, ಒಂದು ಹಿಡಿ ಅಕ್ಕಿ. ಹತ್ತಿರ ಭಟ್ಟರು, ಮಂಜು, ಗಣಪಿ. ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ವಿನುತಾ. ಅವಳಿಗೆ ಏಳು ತಿಂಗಳು. ಇದೆಲ್ಲ ಅವಳಿಗಾಗಿ ಆಗುತ್ತಿರುವುದು, ಅವಳ ಕೈಯಿಂದಲೇ ಕೊನೆಯ ಅಕ್ಕಿ ಬೀಳಬೇಕೆಂದು ಕರೆತಂದಿದ್ದರು. ಮಂಜುನ ಗೆಳೆಯ ರಮಾನಂದ ಮೊಣಕಾಲು ನೀರಿನಲ್ಲಿ ನಿಂತು ತನ್ನ ದೋಣಿಯನ್ನು ಹಿಡಿದುಕೊಂಡಿದ್ದ. ನೀರಿನ ಇಳಿತ ಶುರುವಾಗುವ ಮೊದಲು ಹೊಳೆಬಾಯಿಯ ಅಳಿವೆ ದಾಟಬೇಕೆಂದು ಅವನಿಗೆ ಅವಸರ.

ಮಾಸ್ತರ್ರು ಚೀಲ ಬಿಚ್ಚಿದರು. ಭಟ್ಟರು ಕೈ ಅಡ್ಡ ಹಿಡಿದರು. ಶಕ್ತಿ ಇಳಿಸಿದ ಮೂರ್ತಿಯ ಬಟ್ಟೆ ಬಿಚ್ಚುವ ಹಾಗಿಲ್ಲ, ನೋಡುವ ಹಾಗಿಲ್ಲ, ಫೋಟೋ ಹಿಡಿಯುವ ಹಾಗಿಲ್ಲ, ಅದಕ್ಕೆ ಕಾಗದ ಅಂಟಿಸಿ ಮಸಿ ಬಳಿಯುವ ಮಾತಂತೂ ಆಡಲೇಬೇಡಿ ಎಂದರು. ಹತ್ತು ನಿಮಿಷ ಎಂದರು ಮಾಸ್ತರ್ರು. ಐದು ನಿಮಿಷ ಎಂದರು. ಐವತ್ತೈದು ವರ್ಷದ ಮನುಷ್ಯ, ಊರಿಗೆಲ್ಲ ಪಾಠ ಹೇಳಿದವರು, ಮರಳಿನಲ್ಲಿ ಮೊಣಕಾಲೂರಿ ಕೈಜೋಡಿಸಿದರು. ಮಂಜು ಅದನ್ನು ನೋಡಲಾಗದೆ ಮುಖ ತಿರುಗಿಸಿದ. ಸಿಮೆಂಟು ಬಹಳ ಗಟ್ಟಿ ಇತ್ತು, ಹಾರೆ ಹಾಕುವಾಗ ಒಂದು ಕಡೆ ಚೆಕ್ಕೆ ಹಾರಿತು, ಈಗ ನೋಡಿಯೂ ಏನು ಪ್ರಯೋಜನ ಎಂದು ಅವನು ನೀರಿನ ಕಡೆ ನೋಡುತ್ತ ಹೇಳಿದ.

ಆಗ ವಿನುತಾ ಕುರ್ಚಿಯಿಂದಲೇ ಕೇಳಿದಳು. ‘ಕಾಲು ಮುಟ್ಟಿ ನಮಸ್ಕಾರ ಮಾಡೂಕೆ ಅಡ್ಡಿಲ್ಲ ಅಲ್ದಾ ಭಟ್ರೆ? ಹೆಣದ ಕಾಲನ್ನ ಎಲ್ಲರೂ ಮುಟ್ತಾರೆ.’

ಭಟ್ಟರು ಗಣಪಿಯ ಮುಖ ನೋಡಿದರು. ಗಣಪಿ ತಲೆಯಾಡಿಸಿದಳು. ಬಟ್ಟೆ ಸರಿಸದೆ, ಕೈ ಮಾತ್ರ ಒಳಗೆ ಹಾಕಿ ಮುಟ್ಟಬಹುದು ಎಂದಾಯಿತು. ಮಾಸ್ತರ್ರು ಹತ್ತಿರ ಹೋಗಿ ಬಟ್ಟೆಯ ತುದಿಯಿಂದ ಬಲಗೈ ತೂರಿಸಿದರು. ಕಲ್ಲು ತಣ್ಣಗಿತ್ತು. ಮೊದಲಿನ ಮೂರು ಸಾಲು ಬೆರಳಿಗೆ ಬಾಯಿಪಾಠ, ಅದನ್ನು ದಾಟಿದರು. ನಾಲ್ಕನೆಯ ಸಾಲಿನ ಜಾಗಕ್ಕೆ ಬಂದರೆ ಬೆರಳು ಒಂದು ಹಸಿ ಗಾಯದೊಳಗೆ ಇಳಿಯಿತು. ಎಡದಿಂದ ಬಲಕ್ಕೆ ಎಲ್ಲಿ ತಡವಿದರೂ ಒರಟು ಕಲ್ಲು. ಅಲ್ಲಲ್ಲಿ ಅಕ್ಷರದ ಒಂದು ಕೊಂಬು, ಒಂದು ಅರ್ಧ ಸುಳಿ, ಅಷ್ಟೇ. ಸಾವಿರದ ಇನ್ನೂರು ವರ್ಷ ಉಳಿದ ಹೆಸರು ನಿನ್ನೆ ಬೆಳಗ್ಗೆ ಹೋಗಿತ್ತು. ಮಾಸ್ತರ್ರು ಕಣ್ಣು ಮುಚ್ಚಿದರು. ರಮಾನಂದ ದೋಣಿಯಿಂದ ಕೂಗಿ ಹೊತ್ತಾಯಿತೆಂದ.

ಐದನೆಯ ಸಾಲು ಉಳಿದಿತ್ತು. ಸಿಮೆಂಟಿನ ಪುಡಿಯನ್ನು ಉಗುರಿನಿಂದ ಕೆರೆಯುತ್ತ ಒಂದೊಂದೇ ಅಕ್ಷರ ತಡವಿದರು. ಮೊದಲ ಸಲ ತಪ್ಪಿತು. ಎರಡನೆಯ ಸಲ ಸರಿಯಾಗಿ ಬಂತು. ‘ಇದಾನ್ ಅೞಿದೊನ್ ಮಹಾಪಾತಕನ್ ಅಕ್ಕುಂ.’ ಇದನ್ನು ಹಾಳುಮಾಡಿದವನು ಮಹಾಪಾಪಿಯಾಗುತ್ತಾನೆ. ಸಾವಿರ ಶಾಸನಗಳ ಕೊನೆಗೆ ಬರುವ ಮಾತು, ಅದರಲ್ಲಿ ಹೊಸದೇನೂ ಇಲ್ಲ. ಪುಸ್ತಕದಲ್ಲಾದರೆ ಅದನ್ನು ಎಲ್ಲರೂ ಹಾರಿಸಿ ಓದುತ್ತಾರೆ. ಕಾಲೇಜಿನಲ್ಲಿ ಪ್ರತಿ ವರ್ಷವೂ ಹೇಳಿ ಹೇಳಿ ಅವರಿಗೇ ಬೇಸರ ಬಂದ ಮಾತು. ಈಗ ಅದೇ ಸಾಲಿನ ಮೇಲೆ ಮೂರನೆಯ ಸಲ ಬೆರಳು ಓಡಿಸಿದರು.

ಗಣಪಿ ಅವರ ಮುಖವನ್ನೇ ನೋಡುತ್ತಿದ್ದಳು. ಬೇರೆ ಯಾರಿಗೆ ಕಾಣದಿದ್ದರೂ ಅವಳಿಗೆ ಕಂಡಿತು.

‘ಎಂತ ಬರ್ದಿದೆ ಮಾಸ್ತರ್ರೆ?’ ಎಂದಳು. ‘ಅಮ್ಮಂದು ಎಂತಾದ್ರೂ ಮಾತು ಇದ್ರೆ ಈಗ್ಲೇ ಹೇಳಿ. ಅವ್ಳು ಬೇಡ ಅಂದ್ರೆ ನಾನು ಬಿಡೂಕೆ ಕೊಡೂದಿಲ್ಲ.’

ನೋಡಿ, ಇಷ್ಟು ದಿನ ಯಾವ ಕಚೇರಿಯಲ್ಲೂ ಸಿಗದ ತಡೆ ಅಲ್ಲಿತ್ತು, ಅವರ ನಾಲಗೆಯ ಮೇಲೆ. ಆ ಒಂದು ಸಾಲು ಹೇಳಿದರೆ ಗಣಪಿ ಕಲ್ಲಿನ ಮೇಲೆ ಮೈಚೆಲ್ಲಿ ಬೀಳುತ್ತಿದ್ದಳು. ಭಟ್ಟರೂ ಬಾಯಿ ಮುಚ್ಚುತ್ತಿದ್ದರು. ಟೆಂಪೋ ತಿರುಗಿ ಬೆಳಕೆಗೆ ಹೋಗುತ್ತಿತ್ತು. ಮಾಸ್ತರ್ರು ಬಾಯಿ ತೆರೆದರು. ತೆರೆದಾಗ ಕಣ್ಣಿಗೆ ಬಿದ್ದದ್ದು ವಿನುತಾ. ಕಲ್ಲು ತಿರುಗಿ ಹೋದರೆ ಆ ಸಾಲೂ ಜೊತೆಗೆ ಹೋಗುತ್ತದೆ. ಹಾರೆ ಹಾಕಿದವನು ಅವಳ ಗಂಡ. ಹಾಕಿಸಿದ್ದು ಅವಳ ಹೊಟ್ಟೆಯಲ್ಲಿರುವುದಕ್ಕಾಗಿ. ಇನ್ನು ಎರಡು ತಿಂಗಳು ಅವಳು ಆ ಮಾತಿನ ಜೊತೆ ಮಲಗಬೇಕು, ಏಳಬೇಕು. ಏನಾದರೂ ಹೆಚ್ಚುಕಡಿಮೆಯಾದರೆ ಆ ಮನೆಯಲ್ಲಿ ಅವಳು ಬದುಕಿರುವವರೆಗೂ ಅದೇ ಕಾರಣ. ಅಷ್ಟಕ್ಕೂ ಮಹಾಪಾಪಿ ಯಾರು? ಎಣ್ಣೆ ತೊಳೆದವನು ಯಾರು, ಕೈ ಮುರಿದಿದೆ ಎಂದು ಬರೆದವನು ಯಾರು? ಅದನ್ನು ಇವರಿಗೆ ಬಿಡಿಸಿ ಹೇಳುವಷ್ಟು ಹೊತ್ತೂ ಇಲ್ಲ, ಹೇಳಿದರೆ ನಂಬುವವರೂ ಇಲ್ಲ.

‘ಮಾಡಿಸಿದವಳ ಮನೆ ಬೆಳೀಲಿ, ಮಕ್ಕಳು ಮರಿ ಸುಖವಾಗಿರ್ಲಿ ಅಂತ ಬರೆದಿದೆ’ ಎಂದರು ಮಾಸ್ತರ್ರು.

ಗಣಪಿಯ ಕಣ್ಣು ತುಂಬಿತು. ಎರಡೂ ಕೈ ಎತ್ತಿ ಮುಗಿದು, ‘ಆತು. ಹಂಗಾರೆ ಬಿಡಿ’ ಎಂದಳು.

ವಿನುತಾ ಎದ್ದು ಬಂದು ಅಕ್ಕಿ ಹಾಕಿದಳು. ಮಂಜು, ರಮಾನಂದ, ಟೆಂಪೋದವನು ಸೇರಿ ಕಲ್ಲನ್ನು ಮಡಲಿನ ಸಮೇತ ಎತ್ತಿ ದೋಣಿಯಲ್ಲಿ ಮಲಗಿಸಿದರು. ಮಂಜು, ರಮಾನಂದರ ಜೊತೆ ಭಟ್ಟರೂ ಹತ್ತಿದರು. ಮೋಟಾರು ಎರಡು ಸಲ ಕೆಮ್ಮಿ ಹಿಡಿಯಿತು. ಗಣಪಿ ನೀರಿನ ಅಂಚಿನವರೆಗೆ ಹೋಗಿ, ಸೀರೆಯ ನೆರಿಗೆ ಒದ್ದೆಯಾಗುವುದನ್ನೂ ಗಮನಿಸದೆ ನಿಂತುಬಿಟ್ಟಳು. ಮಾಸ್ತರ್ರು ಚೀಲದ ಬಾಯಿ ಕಟ್ಟಿದರು. ಅವರ ಉಗುರುಗಳಲ್ಲಿ ಸಿಮೆಂಟಿನ ಬೂದಿ ಬಣ್ಣ ಹತ್ತಿತ್ತು. ಓದಿದ ಸಾಲಿಗೆ ಅಚ್ಚಿಲ್ಲ, ಫೋಟೋ ಇಲ್ಲ, ಸಾಕ್ಷಿ ಇಲ್ಲ. ಅದನ್ನು ಬರೆಯುವ ಹಾಗೂ ಇಲ್ಲ, ಎಲ್ಲೂ ಹೇಳುವ ಹಾಗೂ ಇಲ್ಲ.

ದೋಣಿ ಇನ್ನೂ ಹತ್ತಿರದಲ್ಲೇ ಇತ್ತು. ಕೂಗಿದರೆ ಕೇಳುತ್ತಿತ್ತು. ವಿನುತಾ ನಿಧಾನವಾಗಿ ಬಂದು ಮಾಸ್ತರ್ರ ಪಕ್ಕದಲ್ಲಿ ನಿಂತಳು. ಆಮೇಲೆ ಸಣ್ಣ ದನಿಯಲ್ಲಿ, ‘ಸರ್, ಕಡೇ ಸಾಲಲ್ಲಿ ಹಂಗೆ ಬರೆಯೂದಿಲ್ಲ ಅಲ್ದಾ?’ ಎಂದಳು. ‘ನೀವೇ ಕ್ಲಾಸಲ್ಲಿ ಹೇಳಿದ್ರಿ, ಕಡೇಗೆ ಯಾವತ್ತೂ ಶಾಪ ಇರ್ತದೆ ಅಂತ.’

ಮಾಸ್ತರ್ರು ಅವಳ ಕಡೆ ತಿರುಗಲಿಲ್ಲ. ಇದರಲ್ಲಿ ಶಾಪವಿಲ್ಲ ಎನ್ನಬೇಕಿತ್ತು. ಇನ್ನೊಂದು ಸುಳ್ಳು, ಅಷ್ಟೇ. ಅದು ಬಾಯಿಗೆ ಬರಲಿಲ್ಲ. ಅವರು ಕಾಗದ, ಮಸಿಯ ಚೀಲವನ್ನು ಎದೆಗೆ ಅವಚಿಕೊಂಡು ದೋಣಿಯನ್ನೇ ನೋಡುತ್ತ ನಿಂತರು. ದೋಣಿ ಅಳಿವೆಯ ಬಿಳಿ ನೊರೆ ದಾಟಿತು. ಅಲ್ಲಿ ಮೂವರು ಬಗ್ಗಿದ್ದು ಕಂಡಿತು. ಬಿಳಿಯದೊಂದು ದೋಣಿಯ ಅಂಚಿನ ಮೇಲೆ ಬಂದು, ಜಾರಿ, ಕಾಣದಾಯಿತು. ಸದ್ದು ಕೇಳಲಿಲ್ಲ.

ಗಣಪಿ ನೀರಿನಲ್ಲಿ ನಿಂತೇ ತಿರುಗಿ ಸೊಸೆಯ ಕಡೆ ನೋಡಿ ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕ ಮುಖ ಅದು. ವಿನುತಾಳೂ ನಕ್ಕಳು, ಕೈ ಎತ್ತಿ ಬನ್ನಿ ಎಂದು ಕರೆದಳು. ಆ ಕೈಯನ್ನು ಇಳಿಸಿ, ಎರಡೂ ಕೈಗಳನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು.

‘ಅತ್ತೆಗೆ ಹೇಳ್ಬೇಡಿ ಸರ್’ ಎಂದಳು.